ದಿನಸಿ ಅಂಗಡಿಯವನ ಕೈಪಿಡಿ: ಮರೆವಿನ ಕಾಯಿಲೆಯವರು ಇರುವ ಬೀದಿಗೆ

ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಬಂತು, ಯಾರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಯಾರಿಗೆ ಈ ತಿಂಗಳು ಸಂಬಳ ತಡವಾಯಿತು ಅನ್ನೋದು ದಿನಸಿ ಅಂಗಡಿಯವನಿಗೆ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಸಾಮಾನಿನ ಚೀಟಿ ಓದುವವನು ಅವನು ತಾನೆ. ಹಾಗೆಯೇ ಒಬ್ಬರ ನೆನಪು ಕೈಕೊಡುತ್ತಿದೆ ಅನ್ನೋದೂ ಎಷ್ಟೋ ಸಲ ಮನೆಯವರಿಗಿಂತ ಮೊದಲು ಗಲ್ಲಾದ ಹಿಂದೆ ಕೂತವನ ಕಣ್ಣಿಗೆ ಬೀಳುತ್ತದೆ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮಪ್ಪ ಹಾಕಿದ ಅಂಗಡಿಯಲ್ಲಿ ನಾನು ಈಗ ಕೂತಿದ್ದೇನೆ. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ನಿವೃತ್ತರು. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುತ್ತಾರೆ. ದಿನಾ ಇವರ ಮುಖ ನೋಡುವವರು ಹಾಲಿನ ಬೂತಿನವನು, ಹೂವಿನಮ್ಮ, ನಾನು.

ಇದನ್ನು ಡಾಕ್ಟರಂತೆ ಬರೆಯಲು ನನಗೆ ಬರುವುದಿಲ್ಲ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಒಬ್ಬರು ನಿಮ್ಮ ಬೀದಿಯಲ್ಲಿದ್ದರೆ ಅಂಗಡಿಯವರು, ಆಟೋದವರು, ಅಕ್ಕಪಕ್ಕದವರು ಏನು ಮಾಡಬಹುದು ಅನ್ನೋದಷ್ಟೇ ಇಲ್ಲಿದೆ. ನಿಮ್ಮ ಬೀದಿಯಲ್ಲಿ ಅಂಥವರು ಇಲ್ಲ ಅಂತ ನಿಮಗೆ ಅನ್ನಿಸಿದರೆ ಒಂದು ಲೆಕ್ಕ ನೋಡಿ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಅರವತ್ತು ದಾಟಿದ ನೂರು ಜನ ಇರುವ ಬಡಾವಣೆಯಲ್ಲಿ ಸುಮಾರು ಏಳು ಜನ ಅಂದ ಹಾಗಾಯಿತು. ನಮ್ಮ ಬೀದಿಯಲ್ಲಿ ಹೊರಗೆ ಹೇಳಿಕೊಂಡ ಮನೆ ಒಂದೇ ಒಂದು, ಶಾಲೆ ಮೇಷ್ಟ್ರಾಗಿದ್ದ ಒಬ್ಬರ ಮನೆ. ಮಿಕ್ಕವರು ಒಳಗೇ ಇಟ್ಟುಕೊಂಡಿದ್ದಾರೆ.

ಗಲ್ಲಾದಿಂದ ಏನು ಕಾಣುತ್ತದೆ

ಮೊದಲು ಕಾಣುವುದು ಮತ್ತೆ ಮತ್ತೆ ಕೊಳ್ಳುವುದು. ಸೋಮವಾರ ಕಾಲು ಕೆಜಿ ಕಾಫಿಪುಡಿ ಒಯ್ದವರು ಮಂಗಳವಾರವೂ ಬರುತ್ತಾರೆ, ಬುಧವಾರವೂ ಬರುತ್ತಾರೆ. ಮೂರು ದಿನವೂ "ಮನೇಲಿ ಪುಡಿ ಖಾಲಿ ಶೆಟ್ರೇ" ಅನ್ನುತ್ತಾರೆ. ಆಮೇಲೆ ದುಡ್ಡು. ಒಂದು ರೂಪಾಯಿ ಚಾಕೊಲೇಟು ಕೊಟ್ಟು ಚಿಲ್ಲರೆ ಸರಿಮಾಡಲು ಹೋದರೆ ಜಗಳ ತೆಗೆಯುತ್ತಿದ್ದ ಮನುಷ್ಯ ಈಗ ಪರ್ಸನ್ನೇ ಮುಂದೆ ಹಿಡಿದು "ಎಷ್ಟಾಯ್ತೋ ನೀವೇ ತಗೊಳ್ಳಿ" ಅನ್ನುತ್ತಾರೆ. ಮಾತೂ ಸಿಗದೆ ಹೋಗುತ್ತದೆ. ಟೂತ್‌ಪೇಸ್ಟ್ ಅನ್ನಲು ಬರದೆ "ಅದೇ, ಬೆಳಿಗ್ಗೆ ಹಲ್ಲಿಗೆ ಹಾಕೋದು" ಅಂತ ಕೈಯಲ್ಲಿ ತೋರಿಸುತ್ತಾರೆ. ಇನ್ನು ಕೆಲವರು ಸಾಮಾನು ತಗೊಂಡು ಮೆಟ್ಟಿಲಿಳಿದು, ಮನೆ ಎಡಕ್ಕೋ ಬಲಕ್ಕೋ ತಿಳಿಯದೆ ನಿಂತುಬಿಡುತ್ತಾರೆ. ಮೂವತ್ತು ವರ್ಷ ನಡೆದ ದಾರಿ ಅದು.

ಕೀಲಿಕೈ ಎಲ್ಲಿಟ್ಟೆ ಅಂತ ಹುಡುಕುವುದು, ಹೆಸರು ನಾಲಿಗೆ ತುದಿಯಲ್ಲಿ ನಿಂತು ಸಂಜೆ ಹೊತ್ತಿಗೆ ಹೊಳೆಯುವುದು, ಇದು ನನಗೂ ಆಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ದಿನದ ಕೆಲಸವೇ ಕೆಡಲು ಶುರುವಾದಾಗ ಯೋಚಿಸಬೇಕು.

ಒಂದು ಬಗೆಯ ಡಿಮೆನ್ಶಿಯಾದಲ್ಲಿ ನೆನಪು ಸುಮಾರಾಗಿ ಸರಿಯಿದ್ದು ನಡತೆ ಮೊದಲು ಕೆಡುತ್ತದೆ. ಮೆದುಳಿನ ಮುಂಭಾಗ ಸವೆಯುವ ಬಗೆ ಅದು, ಅರವತ್ತಕ್ಕೆ ಮೊದಲೇ ಬರುವುದೂ ಉಂಟು. ಸಂಭಾವಿತರು ಅಂತ ಹೆಸರಾದವರು ಜಾರ್‌ನಿಂದ ಬಿಸ್ಕತ್ತು ತೆಗೆದು ದುಡ್ಡು ಕೊಡದೆ ತಿನ್ನುತ್ತಾರೆ, ಹೆಣ್ಣುಮಕ್ಕಳ ಎದುರು ಆಡಬಾರದ ಮಾತು ಆಡುತ್ತಾರೆ. ಬೀದಿ ಇವರನ್ನು "ಈ ವಯಸ್ಸಲ್ಲಿ ಇವರಿಗೇನು ಬಂತು" ಅಂತ ಆಡಿಕೊಳ್ಳುತ್ತದೆ, ಕೆಲವು ಕಡೆ ಕೈ ಮಾಡುವವರೂ ಇದ್ದಾರೆ. ಅರವತ್ತು ವರ್ಷ ಮರ್ಯಾದೆಯಿಂದ ಬಾಳಿದವರು ಇದ್ದಕ್ಕಿದ್ದಂತೆ ಹೀಗಾದರೆ ಕಾಯಿಲೆ ಇರಬಹುದು ಅಂತ ಮೊದಲು ಯೋಚಿಸಿ.

ನಿನ್ನೆಯವರೆಗೆ ಚೆನ್ನಾಗಿದ್ದವರು ಇವತ್ತು ಪೂರಾ ತಬ್ಬಿಬ್ಬಾಗಿ, ಇಲ್ಲದ್ದನ್ನು ಕಾಣುತ್ತ, ಮಂಪರಿನಲ್ಲಿದ್ದರೆ ಅದು ನಿಧಾನಕ್ಕೆ ಬರುವ ಮರೆವಿನ ಕಾಯಿಲೆಯ ಲಕ್ಷಣ ಅಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಸಕ್ಕರೆ ಏರುಪೇರು, ಲಕ್ವ, ಬಿದ್ದು ತಲೆಗಾದ ಪೆಟ್ಟು ಏನೂ ಆಗಿರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಮೇಲೇಳದಿದ್ದರೆ ನಿಮಿಷವೂ ಕಾಯಬಾರದು.

ಮನೆಯವರಿಗೆ ಹೇಳುವುದು ಹೇಗೆ

ಇದು ಎಲ್ಲಕ್ಕಿಂತ ಕಷ್ಟದ ಕೆಲಸ. ನಾಲ್ಕು ಗಿರಾಕಿಗಳ ಮುಂದೆ "ಏನ್ರೀ, ನಿಮ್ಮ ಯಜಮಾನ್ರು ಮೂರು ಸಲ ಪುಡಿ ತಗೊಂಡ್ರು, ಅರಳು ಮರಳಾ?" ಅಂತ ನಕ್ಕುಬಿಟ್ಟರೆ ಆ ಹೆಂಗಸು ಇನ್ನು ನಿಮ್ಮ ಅಂಗಡಿಗೆ ಬರುವುದಿಲ್ಲ, ಗಂಡನನ್ನೂ ಮನೆಯಿಂದ ಹೊರಗೆ ಬಿಡುವುದಿಲ್ಲ. ಅಂಗಡಿ ಖಾಲಿ ಇರುವ ಮಧ್ಯಾಹ್ನ ನೋಡಿ, ಒಬ್ಬರಿಗೇ, ಕಂಡದ್ದನ್ನು ಕಂಡ ಹಾಗೆ ಹೇಳಿ. ಕಾಯಿಲೆಯ ಹೆಸರು ಬಾಯಲ್ಲಿ ಬರಬಾರದು. ಅದನ್ನು ಹೇಳುವುದು ಡಾಕ್ಟರ ಕೆಲಸ. ಮೇಷ್ಟ್ರ ಹೆಂಡತಿಗೆ ನಾನು ಹೇಳಿದ್ದು ಇಷ್ಟು: "ಅಮ್ಮಾ, ಮೇಷ್ಟ್ರು ಈ ವಾರ ಕಾಫಿಪುಡಿ ಮೂರು ಸಲ ಒಯ್ದರು. ಪ್ಯಾಕೆಟ್ ಒಡೆಯದೆ ಇದ್ದರೆ ಎರಡು ವಾಪಸ್ ತಂದುಕೊಡಿ. ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೇದೇನೋ." ಆಯಮ್ಮ ತುಸು ಹೊತ್ತು ಸುಮ್ಮನಿದ್ದು, "ನಮ್ಮನೆ ಬೀರುವಿನಲ್ಲಿ ಸೋಪು ಹನ್ನೆರಡಿದೆ ಶೆಟ್ರೇ" ಅಂದರು. ಅವರಿಗೆ ಗೊತ್ತಿತ್ತು. ಹೇಳಿಕೊಳ್ಳಲು ಜನ ಬೇಕಿತ್ತು.

ರಕ್ತ ಪರೀಕ್ಷೆ ಅಂತ ಸುಮ್ಮನೆ ಹೇಳಿದ್ದಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ತಲೆಯೊಳಗೆ ನಿಧಾನಕ್ಕೆ ಕಟ್ಟಿಕೊಂಡ ರಕ್ತ, ಕೆಲವು ಮಾತ್ರೆಗಳು, ಇವೂ ಮರೆವು ತರುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ಕಿವಿ ಕೇಳದೆ ಇರುವುದನ್ನೂ ಜನ ಮರೆವು ಅಂದುಕೊಳ್ಳುತ್ತಾರೆ. "ವಯಸ್ಸಾಯ್ತು, ಇನ್ನೇನು" ಅಂತ ಮನೆಯಲ್ಲೇ ಕೂತರೆ ವಾಸಿಯಾಗುವುದೂ ವಾಸಿಯಾಗದೆ ಹೋಗುತ್ತದೆ. ಶೀತ, ತುರಿಕೆಗೆ ಅಂತ ಕೇಳಿ ತಗೊಳ್ಳುವ ನಿದ್ದೆ ಬರಿಸುವ ಹಳೇ ಬಗೆಯ ಅಲರ್ಜಿ ಮಾತ್ರೆ ಮುದುಕರ ತಲೆಯನ್ನು ಇನ್ನಷ್ಟು ಕದಡುತ್ತದೆ. ಮೆಡಿಕಲ್ ಶಾಪಿನವರು ಇದನ್ನು ಗಮನಿಸಬೇಕು, ನಾವು ದಿನಸಿಯವರು ಮಾತ್ರೆ ಮಾರಲೇಬಾರದು.

ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ನಾನು ಹೇಳುವುದು: ಮೊದಲು ನಿಮ್ಮ ಮಾಮೂಲಿ ಡಾಕ್ಟರು. ಅಲ್ಲಿಂದ ನರರೋಗ ಅಥವಾ ಮನೋರೋಗ ತಜ್ಞರು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರುಮಾಡಿದೆ, ಅದರ ಕ್ಲಿನಿಕ್ಕುಗಳು ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಎಲ್ಲಿಂದ ಶುರುಮಾಡಬೇಕೋ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೋಡಿಕೊಳ್ಳುವವರು ತಮ್ಮ ದುಃಖ ಹೇಳಿಕೊಳ್ಳಲೂ ಇದೇ ನಂಬರು ಆಗುತ್ತದೆ.

ಎದುರಿಗೆ ಬಂದು ನಿಂತಾಗ

ನಮ್ಮ ಜನಕ್ಕೆ ಒಂದು ಕೆಟ್ಟ ಚಾಳಿ ಇದೆ. ಮದುವೆ ಮನೆಯಲ್ಲಿ ವಯಸ್ಸಾದವರು ಕಂಡ ಕೂಡಲೇ ಮುಖದ ಹತ್ತಿರ ಮುಖ ತಂದು "ನಾನ್ಯಾರು ಹೇಳಿ ನೋಡೋಣ?" ಅನ್ನುವುದು. ಉತ್ತರ ಬರದಿದ್ದರೆ "ಅಯ್ಯೋ, ಮರ್ತೇಬಿಟ್ರಾ" ಅಂತ ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಹೇಳುವುದು. ಇದನ್ನು ಇವತ್ತೇ ಬಿಡಿ. ನೀವೇ ಮೊದಲು ಹೇಳಿಕೊಳ್ಳಿ: "ನಮಸ್ಕಾರ ಮೇಷ್ಟ್ರೇ, ನಾನು ಅಂಗಡಿ ಶೆಟ್ಟಿ. ಚೆನ್ನಾಗಿದೀರಾ?" ಅವರಿಗೆ ನಿಮ್ಮ ಹೆಸರು ನೆನಪಾಗದೇ ಇರಬಹುದು, ನಿಮ್ಮ ದನಿಯ ಗುಣ ಚೆನ್ನಾಗಿ ತಿಳಿಯುತ್ತದೆ. ನಗುತ್ತಿದ್ದೀರೋ ಗೇಲಿ ಮಾಡುತ್ತಿದ್ದೀರೋ ಅನ್ನೋದು ಕೊನೆಯವರೆಗೂ ತಿಳಿಯುತ್ತದೆ.

ಎದುರು ನಿಂತು ಮಾತಾಡಿ, ಬೆನ್ನ ಹಿಂದಿನಿಂದ ಕೂಗಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. "ಏನ್ ಕೊಡ್ಲಿ, ಅಕ್ಕಿನಾ ಬೇಳೆನಾ, ಸೋನಾ ಮಸೂರಿನಾ ಬೇರೆದಾ, ಚೀಲ ತಂದಿದೀರಾ?" ಅಂತ ಒಂದೇ ಉಸಿರಿಗೆ ಕೇಳಿದರೆ ನನ್ನ ವಯಸ್ಸಿನವರಿಗೇ ತಲೆ ಸುತ್ತುತ್ತದೆ. ಎರಡು ಪ್ಯಾಕೆಟ್ ಮುಂದಿಟ್ಟು "ಇದಾ, ಇದಾ?" ಅನ್ನಿ. ಆಮೇಲೆ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಬರುತ್ತದೆ. ಹಿಂದೆ ನಿಂತ ಗಿರಾಕಿ ಗೊಣಗಿದರೆ ಅವರ ಸಾಮಾನು ಹುಡುಗನ ಕೈಲಿ ಕಟ್ಟಿಸಿ. ಆ ಹೊತ್ತಿಗೆ ರೇಡಿಯೊ ಆರಿಸಿ. ಪೇಮೆಂಟ್ ಬಂದಾಗ ಕೂಗುವ ಸೌಂಡ್ ಬಾಕ್ಸನ್ನೂ ಸಣ್ಣಗೆ ಮಾಡಿ, ಎಲ್ಲಿಂದಲೋ ಬರುವ ಆ ಹೆಂಗಸಿನ ದನಿಗೆ ಮೇಷ್ಟ್ರು ಎರಡು ಸಲ "ಯಾರಮ್ಮಾ?" ಅಂತ ಉತ್ತರ ಕೊಟ್ಟಿದ್ದಾರೆ.

ಬಾಗಿಲಲ್ಲಿ ಕಪ್ಪು ರಬ್ಬರ್ ಮ್ಯಾಟ್ ಹಾಕಿದ್ದರೆ ತೆಗೆದುಬಿಡಿ. ಈ ಕಾಯಿಲೆಯಲ್ಲಿ ಕಣ್ಣು ಕಂಡದ್ದನ್ನು ಮೆದುಳು ಬೇರೆಯಾಗಿ ಓದುವುದರಿಂದ ಎಷ್ಟೋ ಜನರಿಗೆ ಅದು ಗುಂಡಿಯ ಹಾಗೆ ಕಾಣುತ್ತದೆ. ನಮ್ಮ ಅಂಗಡಿ ಮುಂದೆ ಮೇಷ್ಟ್ರು ಕಾಲೆತ್ತಿ ಎತ್ತಿ ಇಡುತ್ತಿದ್ದರು, ಒಂದು ದಿನ ಒಳಗೆ ಬರಲೇ ಇಲ್ಲ. ಮ್ಯಾಟ್ ಸುತ್ತಿಟ್ಟ ಮೇಲೆ ಸಲೀಸಾಗಿ ಬಂದರು. ಮೆಟ್ಟಿಲ ಅಂಚಿಗೆ ಹಳದಿ ಬಣ್ಣ ಬಳಿಸಿದೆ, ಅದರಿಂದ ಕಣ್ಣು ಮಂಜಾದವರಿಗೂ ಅನುಕೂಲವಾಯಿತು.

"ಅಮ್ಮ ಕಾಯ್ತಿರ್ತಾರೆ, ಹೊತ್ತಾಯ್ತು" ಅಂತ ಎಂಬತ್ತರ ಮುದುಕರು ಅಂದರೆ ಏನನ್ನುವುದು? "ನಿಮ್ಮಮ್ಮ ತೀರಿಕೊಂಡು ಮೂವತ್ತು ವರ್ಷ ಆಯ್ತಲ್ಲ ಮೇಷ್ಟ್ರೇ" ಅಂದರೆ ಆ ಸಾವು ಅವರಿಗೆ ಈಗ ತಾನೇ ಆದ ಹಾಗೆ. ಹತ್ತು ನಿಮಿಷ ಅತ್ತು, ಆಮೇಲೆ ಮತ್ತೆ ಅದನ್ನೇ ಕೇಳುತ್ತಾರೆ. ನಿಜ ಹೇಳಿ ಗೆದ್ದು ನಿಮಗೇನು ಸಿಕ್ಕಿತು? "ಅಮ್ಮ ಏನು ಅಡುಗೆ ಚೆನ್ನಾಗಿ ಮಾಡೋರು?" ಅಂತ ಕೇಳಿ ನೋಡಿ. ಮಜ್ಜಿಗೆಹುಳಿಯ ಮಾತು ಬರುತ್ತದೆ, ಮುಖ ಅರಳುತ್ತದೆ, ಅಷ್ಟರಲ್ಲಿ ಮನೆಯವರಿಗೆ ಫೋನ್ ಮಾಡಬಹುದು.

ಸಂಜೆ ನಾಲ್ಕು ಐದರ ಮೇಲೆ ಇವರಲ್ಲಿ ಹಲವರಿಗೆ ತಳಮಳ ಹೆಚ್ಚು. ಬೆಳಿಗ್ಗೆ ಸಮಾಧಾನವಾಗಿ ಇದ್ದವರೇ ಸಂಜೆ ಸಿಡುಕುತ್ತಾರೆ. ಮನೆಯವರಿಗೆ ಹೇಳಿ, ಅಂಗಡಿಗೆ ಬೆಳಿಗ್ಗೆ ಹೊತ್ತು ಕಳಿಸಲಿ.

ದುಡ್ಡಿನ ವಿಷಯ

ಮನೆಯವರ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಮೇಷ್ಟ್ರ ಹೆಸರಲ್ಲಿ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆ. ಅವರು ಕೊಟ್ಟ ದುಡ್ಡು ತಗೊಂಡು, ಏನೆಷ್ಟು ಅಂತ ಅವರ ಕಣ್ಣೆದುರೇ ಬರೆದು, ಚಿಲ್ಲರೆ ಎಣಿಸಿ ಕೈಗೆ ಕೊಡುವುದು. ದುಡ್ಡು ತರದ ದಿನ ಬರೆದುಕೊಂಡು ಸಾಮಾನು ಕೊಡುವುದು, ತಿಂಗಳ ಕೊನೆಗೆ ಮಗ ಕಳಿಸುತ್ತಾನೆ. ಒಡೆಯದ ಪ್ಯಾಕೆಟ್ ವಾಪಸ್ ತಗೊಳ್ಳುವುದು. "ನಿಮಗೆ ಕೊಡಬಾರದು ಅಂತ ಹೇಳಿದಾರೆ" ಅನ್ನುವ ಮಾತು ಬೇಡವೇ ಬೇಡ. ಸಕ್ಕರೆ ಕಾಯಿಲೆಯವರು ಮೂರನೇ ಸಲ ಮೈಸೂರು ಪಾಕ್ ಕೇಳಿದರೆ "ಇವತ್ತಿನದು ಮುಗೀತು, ನಾಳೆ ಬರುತ್ತೆ" ಅಂದರೆ ಸಾಕು. ಸೆಲ್ಫ್ ಸರ್ವಿಸ್ ಅಂಗಡಿಗಳಲ್ಲಿ ಬಿಲ್ ಮಾಡದೆ ಹೊರಟವರನ್ನು ಸೆಕ್ಯುರಿಟಿಯವರು ತಡೆದು ಕೂಗಾಡುವ ಮೊದಲು ವಯಸ್ಸು ನೋಡಬೇಕು, ಮುಖ ನೋಡಬೇಕು.

ಮೊಬೈಲಿನಲ್ಲಿ ಪೇಮೆಂಟ್ ಮಾಡುವ ಮುದುಕರು ತಮ್ಮ ಪಿನ್ ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರೆ ಅದನ್ನೂ ಮನೆಗೆ ತಿಳಿಸಿ. ಅಪರಿಚಿತರೊಬ್ಬರು ಪಕ್ಕದಲ್ಲಿ ನಿಂತು ಫೋನಿನಲ್ಲಿ ಏನೋ ಒತ್ತಿಸುತ್ತಿದ್ದರೆ ಕೂಡಲೇ ಮಧ್ಯೆ ಬಾಯಿ ಹಾಕಿ.

"ಸೊಸೆ ಊಟ ಹಾಕಲ್ಲ"

ಈ ಮಾತಿಗೆ ಸ್ವಲ್ಪ ಜಾಗ ಕೊಡಲೇಬೇಕು, ಬೀದಿಯಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಇಲ್ಲೇ. ಊಟ ಮಾಡಿ ಅರ್ಧ ಗಂಟೆಗೆ ಊಟ ಮಾಡಿದ್ದು ಮರೆತುಹೋಗುತ್ತದೆ. ಅಜ್ಜಿ ಗೇಟಿಗೆ ಬಂದು ಹೂವಿನಮ್ಮನ ಹತ್ತಿರ "ಬೆಳಿಗ್ಗೆಯಿಂದ ಒಂದು ತುತ್ತು ಹಾಕಿಲ್ಲ ಕಣಮ್ಮ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರ ಪಾಲಿಗೆ ಅದು ನಿಜ. ಒಡವೆ ತಾವೇ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ಮರೆತು, ಕೆಲಸದವಳು ಕದ್ದಳು ಅನ್ನುತ್ತಾರೆ. ಮೇಷ್ಟ್ರೂ ಒಂದು ಸಲ ನಾನು ನೂರು ರೂಪಾಯಿ ಕಡಿಮೆ ಕೊಟ್ಟೆ ಅಂತ ದೇವಸ್ಥಾನದವರೆಗೂ ಹೇಳಿಕೊಂಡು ಬಂದಿದ್ದರು. ಅಂಗಡಿಯವನಾದ ನನಗೆ ಅದರಿಂದ ಹೆಚ್ಚು ನಷ್ಟ ಆಗಲಿಲ್ಲ, ಜನ ನಕ್ಕರು. ಸೊಸೆಯ ವಿಷಯದಲ್ಲಿ ಜನ ನಗುವುದಿಲ್ಲ. ಸಂಜೆಯೊಳಗೆ ಅವಳು ರಾಕ್ಷಸಿ. ರಾತ್ರಿ ಮೂರು ಸಲ ಎದ್ದು ಅತ್ತೆಯ ಹಾಸಿಗೆ ಬದಲಿಸುವವಳು ಅವಳೇ ಅಂತ ಆಡಿಕೊಳ್ಳುವ ಒಬ್ಬರಿಗೂ ಗೊತ್ತಿರುವುದಿಲ್ಲ.

ಅಂಥ ಮಾತು ಕಿವಿಗೆ ಬಿದ್ದಾಗ ಅಜ್ಜಿಯ ಜೊತೆ ವಾದ ಬೇಡ, ಹೌದೆನ್ನುವುದೂ ಬೇಡ. "ಹಸಿವಾಗ್ತಿದೆಯಾ ಅಜ್ಜಿ? ಬನ್ನಿ, ಒಂದು ಬಾಳೆಹಣ್ಣು ತಿನ್ನಿ" ಅನ್ನಿ. ಆ ಮಾತು ಅಲ್ಲಿಗೇ ನಿಲ್ಲಲಿ, ಮುಂದಿನ ಗಿರಾಕಿಗೆ ದಾಟಿಸಬೇಡಿ. ಸೊಸೆ ಸಿಕ್ಕಾಗ "ಹೀಗಂದ್ರು" ಅಂತ ಚಾಡಿಯ ಹಾಗೆ ಹೇಳದೆ "ನಿಮಗೆ ಕಷ್ಟ ಇದೆ, ನನಗೆ ಗೊತ್ತು" ಅನ್ನಿ.

ಹಾಗಂತ ಮುದುಕರು ಹೇಳಿದ್ದೆಲ್ಲ ಕಾಯಿಲೆಯ ಮಾತು ಅಂತ ತಳ್ಳಿಹಾಕಲೂ ಆಗುವುದಿಲ್ಲ. ನಿಜವಾಗಿ ಹೊಡೆಯುವ, ಕೂಡಿಹಾಕುವ, ಸಹಿ ಹಾಕಿಸಿಕೊಳ್ಳುವ ಮನೆಗಳೂ ಇವೆ. ಬಾಯಿಮಾತಿಗಿಂತ ಮೈ ನೋಡಿ. ದಿನೇ ದಿನೇ ಸೊರಗುತ್ತಿದ್ದಾರಾ, ತೋಳ ಮೇಲೆ ಬೆರಳು ಮೂಡಿದ ಕಲೆ ಇದೆಯಾ, ಮಗ ಪಕ್ಕಕ್ಕೆ ಬಂದರೆ ಮುದುಡಿಕೊಳ್ಳುತ್ತಾರಾ, ಅದೇ ಕೊಳೆ ಬಟ್ಟೆ ವಾರಗಟ್ಟಲೆ ಇದೆಯಾ. ಹೀಗಿದ್ದರೆ 14567 ಹಿರಿಯ ನಾಗರಿಕರ ಸಹಾಯವಾಣಿಗೆ ಹೇಳಿ. ತುರ್ತಾದರೆ 112. ನೋಡಿಕೊಳ್ಳುವವರು ಸುಸ್ತಾಗಿ ಒಂದು ಸಲ ಗದರಿದ್ದಕ್ಕೂ ಇದಕ್ಕೂ ವ್ಯತ್ಯಾಸ ಬೀದಿಯವರಿಗೆ ತಿಳಿಯದೇ ಇರುವುದಿಲ್ಲ.

ದಾರಿ ತಪ್ಪಿದಾಗ

ತಪ್ಪಿಸಿಕೊಳ್ಳುವ ಮೊದಲೇ ಮಾಡಿಡುವ ಕೆಲಸ: ಜೇಬಲ್ಲಿ ಚೀಟಿ ಇಟ್ಟರೆ ಅಂಗಿ ಬದಲಾದಾಗ ಹೋಯಿತು. ಇಸ್ತ್ರಿಯವನು ಕಾಲರ್ ಒಳಗೆ ಗುರುತು ಹಾಕುವ ಜಾಗ ಇದೆಯಲ್ಲ, ಅಲ್ಲಿ ಟೈಲರ್ ಹತ್ತಿರ ಒಂದು ಬಟ್ಟೆ ಪಟ್ಟಿ ಹೊಲಿಸಿ. ಎರಡು ಫೋನ್ ನಂಬರು ಸಾಕು. ಮನೆ ವಿಳಾಸ, ಕಾಯಿಲೆ ಹೆಸರು ಬೇಡ, ಕೆಟ್ಟವರ ಕಣ್ಣಿಗೂ ಬೀಳಬಹುದು. ಹೆಂಗಸರಾದರೆ ಸೀರೆ ದಿನಾ ಬದಲಾಗುತ್ತದೆ, ಆದ್ದರಿಂದ ಕೈಬಳೆಯ ಒಳಮೈಯಲ್ಲಿ ನಂಬರು ಕೆತ್ತಿಸಿ. ತಿಂಗಳಿಗೊಂದು ಹೊಸ ಫೋಟೊ ಮನೆಯವರ ಮೊಬೈಲಿನಲ್ಲಿರಲಿ. ಮದುವೆ ಫೋಟೊ ಹಿಡಿದುಕೊಂಡು ಹುಡುಕಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಅವರು ಹಿಂದೆ ಇದ್ದ ಮನೆ, ಕೆಲಸ ಮಾಡಿದ ಶಾಲೆ, ಹೋಗುತ್ತಿದ್ದ ದೇವಸ್ಥಾನ, ತೌರುಮನೆ ಬೀದಿ, ಇವೆಲ್ಲದರ ಪಟ್ಟಿಯನ್ನೂ ಬರೆದಿಡಿ. ಹೊರಟವರು ಬಹಳ ಸಲ ಹಳೆಯ ಬದುಕಿನ ಯಾವುದೋ ಕೆಲಸಕ್ಕೆ ಹೊರಟಿರುತ್ತಾರೆ. ನಮ್ಮ ಮೇಷ್ಟ್ರು ಭಾನುವಾರವೂ ಒಂಬತ್ತೂವರೆಗೆ ಶಾಲೆ ಕಡೆ ತಿರುಗುತ್ತಿದ್ದರು.

ಕಾಣುತ್ತಿಲ್ಲ ಅಂತ ಗೊತ್ತಾದ ಕೂಡಲೇ ಒಬ್ಬರು ಮನೆಯಲ್ಲೇ ಉಳಿಯಬೇಕು, ಅವರೇ ವಾಪಸ್ ಬರಬಹುದು. ಇನ್ನಿಬ್ಬರು ಹತ್ತಿರದಲ್ಲೇ ಹುಡುಕಬೇಕು. ಮಹಡಿ, ಕಾರ್ ಶೆಡ್ಡು, ಪಕ್ಕದ ಖಾಲಿ ಸೈಟು, ಕಟ್ಟುತ್ತಿರುವ ಮನೆ, ಸಂಪು, ಬಾವಿ. ಹೆಸರು ಹಿಡಿದು ಕೂಗಿದರೂ ಓಗೊಡದೆ ಮೂಲೆಯಲ್ಲಿ ಸುಮ್ಮನೆ ಕೂತಿರಬಹುದು, ಆದ್ದರಿಂದ ಕಣ್ಣಿಂದಲೇ ಹುಡುಕಬೇಕು. ಆಟೋ ಸ್ಟಾಂಡಿಗೆ ಹೇಳಿ. ಆಮೇಲೆ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕೈಯಲ್ಲಿ ಒಂದು ಪೈಸೆ ಇಲ್ಲದ ಅಜ್ಜಿ ಸಿಟಿ ಬಸ್ಸಿಂದ ಸಬರ್ಬನ್ ಸ್ಟಾಂಡಿಗೆ, ಅಲ್ಲಿಂದ ಹಾಸನಕ್ಕೋ ಬೆಂಗಳೂರಿಗೋ ಹೋಗಿಬಿಡಬಹುದು. ಹಾಗಾಗಿ ಬಸ್ ಸ್ಟಾಂಡಿನ ಕಂಟ್ರೋಲರಿಗೆ ಬೇಗ ತಿಳಿಸಿ. ಆಧಾರ್ ಕೇಳಿದಾಗ ತಬ್ಬಿಬ್ಬಾಗಿ ನಿಲ್ಲುವ, ಇಳಿಯುವ ಸ್ಟಾಪು ಹೇಳಲಾರದ ಮುದುಕಿ ಕಂಡರೆ ಕಂಡಕ್ಟರು ಬೈದು ಇಳಿಸದೆ ಮುಂದಿನ ನಿಲ್ದಾಣದಲ್ಲಿ ಪೊಲೀಸರಿಗೆ ಒಪ್ಪಿಸಬೇಕು. ಕಂಡಕ್ಟರುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ನೆನಪಿಡಿ.

ಹತ್ತಿರದಲ್ಲಿ ಸಿಗದಿದ್ದರೆ ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಡಿ, 112ಕ್ಕೆ ಕರೆ ಮಾಡಿ. ಇಪ್ಪತ್ನಾಲ್ಕು ಗಂಟೆ ಆದ ಮೇಲೆ ಬನ್ನಿ ಅನ್ನುವುದೆಲ್ಲ ಸಿನಿಮಾದ ಮಾತು, ಅಂಥ ಕಾನೂನಿಲ್ಲ. ವಾಟ್ಸಾಪಿನಲ್ಲಿ ಫೋಟೊ ಹಾಕುವುದಾದರೆ ಗೊತ್ತಿರುವ ಗುಂಪುಗಳಿಗೆ ಮಾತ್ರ ಹಾಕಿ. ಸಿಕ್ಕ ಮೇಲೆ "ಸಿಕ್ಕಿದ್ದಾರೆ" ಅಂತ ಹಾಕಿ ಫೋಟೊ ಅಳಿಸಿ. ವರ್ಷ ಕಳೆದರೂ ಸುತ್ತುವ ಅಂಥ ಫೋಟೊಗಳನ್ನು ನಾನು ನೋಡಿದ್ದೇನೆ, ಪಾಪ ಆ ಮನುಷ್ಯ ಮನೆಯಲ್ಲೇ ಇರುತ್ತಾನೆ.

ದಸರಾ ಹೊತ್ತಿಗೆ ನಮ್ಮ ಊರಲ್ಲಿ ಇನ್ನೊಂದು ಫಜೀತಿ. ರಸ್ತೆ ಬಂದ್, ಬಸ್ಸಿನ ದಾರಿ ಬದಲು, ದೀಪಾಲಂಕಾರ, ಜನ. ಗುರುತಿನ ಜಾಗಗಳೆಲ್ಲ ಬೇರೆಯಾಗಿ ಕಾಣುತ್ತವೆ. ಜಂಬೂಸವಾರಿ ಟಿವಿಯಲ್ಲೇ ತೋರಿಸಿ. ಪೈಪ್‌ಲೈನಿಗೆ ರಸ್ತೆ ಅಗೆದಾಗಲೂ ಇದೇ ಪಾಡು, ಆ ವಾರಗಳಲ್ಲಿ ಒಬ್ಬರೇ ಹೊರಡದಂತೆ ನೋಡಿಕೊಳ್ಳಿ.

ಬೀದಿಗೆ ಹೇಳುವುದು

ಮನೆಯವರು ಒಪ್ಪಿದ ಮೇಲೆಯೇ ಹೇಳಬೇಕು. ಕಾಯಿಲೆ ಮೊದಲ ಹಂತದಲ್ಲಿದ್ದರೆ ಅವರನ್ನೇ ಕೇಳಬೇಕು. ಮೇಷ್ಟ್ರನ್ನು ಕೇಳಿದಾಗ "ಹೇಳಿ, ಹೇಳಿ. ಮರೆತುಹೋಗೋ ಮೊದಲು ನಾನೇ ಹೇಳ್ತೀನಿ" ಅಂತ ನಕ್ಕಿದ್ದರು. ಎಲ್ಲರಿಗೂ ಹೇಳುವುದು ಬೇಡ. ದಿನಾ ಬೀದಿಯಲ್ಲಿ ಇರುವವರಿಗೆ ಸಾಕು: ನಂದಿನಿ ಬೂತಿನವನು, ಹೂವಿನಮ್ಮ, ಇಸ್ತ್ರಿಯವನು, ಪೇಪರ್ ಹುಡುಗ, ಪೌರಕಾರ್ಮಿಕರು, ಆಟೋ ಸ್ಟಾಂಡು, ಅರ್ಚಕರು, ಎದುರು ಮನೆಯವರು. ಬೆಳಿಗ್ಗೆ ಐದಕ್ಕೆ ಯಾರು ಗೇಟು ತೆಗೆದುಕೊಂಡು ಹೊರಟರು ಅನ್ನೋದು ಪೌರಕಾರ್ಮಿಕರಿಗೆ ಗೊತ್ತಾಗುವಷ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಅವರನ್ನು ಮರೆತು ಬರೀ ಸೈಟು ಮಾಲೀಕರ ಸಂಘಕ್ಕೆ ಹೇಳಿದರೆ ಪ್ರಯೋಜನ ಕಡಿಮೆ.

ಹೇಳಬೇಕಾದ್ದು ಇಷ್ಟೇ: ಇವರು ಒಬ್ಬರೇ ಸರ್ಕಲ್ ದಾಟಿ ಕಂಡರೆ ಪಕ್ಕದಲ್ಲಿ ಹೆಜ್ಜೆ ಹಾಕಿ, ಕೈ ಹಿಡಿದು ಎಳೆಯಬೇಡಿ, "ಬನ್ನಿ, ನಾನೂ ಆ ಕಡೆಗೇ ಹೋಗ್ತಿದೀನಿ" ಅನ್ನಿ, ಈ ನಂಬರಿಗೆ ಫೋನ್ ಮಾಡಿ. ಇದು ಅಂಟುರೋಗ ಅಲ್ಲ, ಹುಚ್ಚಲ್ಲ, ದೆವ್ವದ ಗಾಳಿ ಸೋಕಿದ್ದಲ್ಲ ಅಂತಲೂ ಹೇಳಬೇಕಾಗುತ್ತದೆ. ತಾಯತ ಕಟ್ಟಿಸಿ ಅನ್ನುವವರು ಇರುತ್ತಾರೆ, ಅವರ ಜೊತೆ ಜಗಳಕ್ಕೆ ಹೋಗಬೇಡಿ, ಮಾತ್ರೆ ನಿಲ್ಲಿಸದಿದ್ದರೆ ಆಯಿತು.

ದೊಡ್ಡದಾಗಿ ಹೇಳಬೇಕು ಅಂದರೆ ಸೆಪ್ಟೆಂಬರ್ 21 ವಿಶ್ವ ಆಲ್ಝೈಮರ್ ದಿನ (ಡಿಮೆನ್ಶಿಯಾದಲ್ಲಿ ಹೆಚ್ಚಾಗಿ ಕಾಣುವ ಬಗೆ ಆಲ್ಝೈಮರ್). ಸುಮಾರು ಆ ಹೊತ್ತಿಗೇ ಗಣೇಶನ ಪೆಂಡಾಲುಗಳೂ ಇರುತ್ತವೆ. ಆರ್ಕೆಸ್ಟ್ರಾ ಶುರುವಾಗುವ ಮೊದಲು ಅರ್ಧ ಗಂಟೆ ಮೈಕು ಕೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆಸಿ. ಸ್ಲೈಡ್ ತೋರಿಸುವುದು ಬೇಡ. ಇಬ್ಬರು ಹುಡುಗರ ಕೈಲಿ ಅಂಗಡಿಯಲ್ಲಿ ನಡೆಯುವ ಪ್ರಸಂಗವನ್ನೇ ಆಡಿಸಿ, ಮೊದಲು ಗೇಲಿ ಮಾಡುವ ಅಂಗಡಿಯವನು, ಆಮೇಲೆ ಸರಿಯಾಗಿ ಮಾತಾಡುವವನು. ಜಪಾನಿನಲ್ಲಿ 2005ರಿಂದ ಸಾಮಾನ್ಯ ಜನಕ್ಕೆ, ಬ್ಯಾಂಕು ಅಂಗಡಿ ನೌಕರರಿಗೆ, ಶಾಲೆ ಮಕ್ಕಳಿಗೆ ಸುಮಾರು ಒಂದೂವರೆ ಗಂಟೆಯ ತರಬೇತಿ ಕೊಡುತ್ತಿದ್ದಾರೆ, ಕಲಿತವರ ಕೈಗೆ ಕಿತ್ತಳೆ ಬಣ್ಣದ ಬಳೆ ಹಾಕುತ್ತಿದ್ದರು. ಕೋಟಿಗೂ ಮೀರಿ ಜನ ಕಲಿತಿದ್ದಾರೆ. ನಮಗೆ ಬಳೆ ಇಲ್ಲದಿದ್ದರೂ ಪೆಂಡಾಲಿದೆ.

ಭಾರತದಲ್ಲಿ ಈ ಕೆಲಸಕ್ಕೇ ಅಂತ 1992ರಲ್ಲಿ ಕೇರಳದಲ್ಲಿ ಶುರುವಾದ ಎಆರ್‌ಡಿಎಸ್‌ಐ (ಆಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ) ಸಂಸ್ಥೆ ಇದೆ, ಬೇರೆ ಊರುಗಳಲ್ಲೂ ಅದರ ಶಾಖೆಗಳಿವೆ. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕೂಡ ಹಗಲು ಕೇಂದ್ರ, ಆರೈಕೆ ಎಲ್ಲ ನಡೆಸುತ್ತದೆ. ಮಾಹಿತಿಗೆ ಇವರನ್ನು ಕೇಳಬಹುದು.

ನೋಡಿಕೊಳ್ಳುವವರಿಗೆ ಏನು ಮಾಡಬಹುದು

"ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವುದು ಸಹಾಯ ಅಲ್ಲ. ಯಾರೂ ಹೇಳುವುದಿಲ್ಲ. "ಗುರುವಾರ ಹತ್ತರಿಂದ ಹನ್ನೆರಡರವರೆಗೆ ಮೇಷ್ಟ್ರು ನಮ್ಮ ಅಂಗಡಿಯಲ್ಲಿ ಕೂತಿರಲಿ, ನೀವು ಬ್ಯಾಂಕಿಗೆ ಹೋಗಿ ಬನ್ನಿ" ಅಂದರೆ ಸಹಾಯ. ಆ ಎರಡು ಗಂಟೆಯಲ್ಲಿ ಆಯಮ್ಮ ಬ್ಯಾಂಕಿಗೆ ಹೋಗದೆ ಮನೆಯಲ್ಲಿ ನಿದ್ದೆ ಮಾಡಿದರೂ ಸರಿಯೇ.

ಕೂತವರಿಗೆ ಕೆಲಸ ಕೊಡಿ, ಸುಮ್ಮನೆ ಕೂರಿಸಬೇಡಿ. ನಾನು ಮೇಷ್ಟ್ರ ಮುಂದೆ ಹಳೇ ಪೇಪರು ಇಟ್ಟೆ. ಹಾಳೆಯನ್ನು ನಾಲ್ಕು ಮಾಡಿ ಹರಿದು, ಮೂಲೆ ಹಿಡಿದು ಸುತ್ತಿ, ತುದಿಯನ್ನು ಒಳಕ್ಕೆ ಮಡಿಚಿ ಪೊಟ್ಟಣ ಮಾಡಿದರು. ನನ್ನ ಹುಡುಗನಿಗೆ ಇಂದಿಗೂ ಅಷ್ಟು ಬಿಗಿಯಾಗಿ ಸುತ್ತಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಅವರ ಮಾವನ ಅಂಗಡಿಯಲ್ಲಿ ಕಲಿತದ್ದಂತೆ. ನನ್ನ ಹೆಸರು ಹೇಳಲು ಬಾರದ ದಿನವೂ ಆ ಕೈಗೆ ಮಡಿಕೆ ಗೊತ್ತಿತ್ತು. ಕೈ ಕಲಿತ ಕೆಲಸ ಈ ಕಾಯಿಲೆಯಲ್ಲಿ ತುಂಬ ದಿನ ಉಳಿಯುತ್ತದೆ ಅಂತ ಡಾಕ್ಟರೂ ಹೇಳಿದರು. ಹೆಂಗಸರಾದರೆ ಅವರೆಕಾಯಿ ಸುಲಿಯಲಿ, ಹೂ ಕಟ್ಟಲಿ, ಬತ್ತಿ ಹೊಸೆಯಲಿ. ತಪ್ಪಾದರೆ ತಿದ್ದಬೇಡಿ. ಕಲ್ಲು ಸೇರಿಸಿದ ಬೇಳೆಯನ್ನು ಆಮೇಲೆ ನೀವು ಮತ್ತೆ ಆರಿಸಿಕೊಂಡರಾಯಿತು.

ಮದುವೆ ಮುಂಜಿಗೆ ಕರೆಯುವುದನ್ನು ನಿಲ್ಲಿಸಬೇಡಿ. "ಪಾಪ, ಅವರಿಗ್ಯಾಕೆ ತೊಂದರೆ" ಅಂತ ಬಿಟ್ಟುಬಿಟ್ಟರೆ ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಉಳಿದುಬಿಡುತ್ತಾರೆ. ಕರೆಯಿರಿ, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ ಬೇಗ ಕಳಿಸಿ. ನವೆಂಬರಿನಲ್ಲಿ ಪಿಂಚಣಿಗೆ ಜೀವನ ಪ್ರಮಾಣ ಕೊಡಬೇಕಲ್ಲ, ಅದಕ್ಕೆ ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬೇಕಿಲ್ಲ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯ ಇದೆ ಅಂತ ತಿಳಿಸಿ.

ಕಾಯಿಲೆ ಮುಂದುವರಿದ ಹಾಗೆ ಅವರು ಅಂಗಡಿಗೆ ಬರುವುದು ನಿಲ್ಲುತ್ತದೆ. ಆಗ ಸಾಮಾನಿನ ಚೀಟಿಯೂ ಬದಲಾಗುತ್ತದೆ: ಗಂಜಿಗೆ ರವೆ, ಡೈಪರ್, ಡೆಟಾಲು. ಡೈಪರನ್ನು ಪೇಪರಲ್ಲಿ ಸುತ್ತಿ ಕೊಡಿ, ಹುಡುಗನ ಕೈಲಿ ಮನೆಗೇ ತಲುಪಿಸಿ, ಬಾಗಿಲಲ್ಲಿ ಎರಡು ಮಾತಾಡಿ ಬರಲು ಹೇಳಿ. ನುಂಗಲು ಕಷ್ಟವಾಗುವ ಹಂತದಲ್ಲಿ ಕೋಡುಬಳೆ, ನಿಪ್ಪಟ್ಟು ಕಳಿಸಿ ಪ್ರೀತಿ ತೋರಿಸಬೇಡಿ. ಏನು ಕೊಡಬಹುದು ಅಂತ ಮನೆಯವರನ್ನು ಕೇಳಿ.

ಇನ್ನೊಂದು. ಅಂಗಡಿಗೆ ಹೊಸ ಹುಡುಗ ಸೇರಿದಾಗ, ಬೂತು ಕೈ ಬದಲಾದಾಗ, ಆಟೋ ಸ್ಟಾಂಡಿಗೆ ಹೊಸಬರು ಬಂದಾಗ ಎಲ್ಲವನ್ನೂ ಮತ್ತೆ ಮೊದಲಿಂದ ಹೇಳಬೇಕು. ನಾನು ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಗೆ ಮನೆಯವರ ನಂಬರು, 112, 14567, 14416 ಬರೆದು ಅಂಟಿಸಿದ್ದೇನೆ. ಹುಡುಗನಿಗೆ ತಕ್ಕಡಿ ತೂಗಲು ಕಲಿಸುವ ದಿನವೇ ಆ ಚೀಟಿಯನ್ನೂ ತೋರಿಸುತ್ತೇನೆ.